ಕೇಣಿ ಬಂದರಿನ ಸುದ್ದಿಯಲ್ಲಿ ಯಾರನ್ನು ನಂಬುವುದು?

ಪ್ರಶ್ನೆ: ನಾನು ಅಂಕೋಲಾದವನು. ನಮ್ಮಲ್ಲಿ ಕಟ್ಟಲು ಹೊರಟಿರುವ ಕೇಣಿ ಬಂದರಿನ ಬಗ್ಗೆ ಒಂದು ಪತ್ರಿಕೆ ಓದಿದರೆ ಜಿಲ್ಲೆಯ ಭಾಗ್ಯದ ಬಾಗಿಲೇ ತೆರೆಯಿತು ಅನ್ನಿಸುತ್ತದೆ. ಇನ್ನೊಂದು ಓದಿದರೆ ನಾಳೆಯೇ ಮೀನುಗಾರರೆಲ್ಲ ಊರು ಬಿಡಬೇಕು ಅನ್ನಿಸುತ್ತದೆ. ಟಿವಿ ಸುದ್ದಿ ನೋಡುವುದನ್ನು ಬಿಟ್ಟು ವರ್ಷವಾಯಿತು. ಈಗ ಊರಿನ ಯೂಟ್ಯೂಬ್ ಚಾನೆಲ್‌ಗಳು ಮತ್ತು ವಾಟ್ಸ್‌ಆ್ಯಪ್ ಗುಂಪು, ಅಷ್ಟೆ. ಅಲ್ಲಿಯೂ ಅದೇ ಹಾಡು. ಯಾವ ಕಡೆಗೂ ವಾಲದ ಎರಡು–ಮೂರು ಮಾಧ್ಯಮಗಳ ಹೆಸರು ಹೇಳಿ. ಪಕ್ಷಪಾತ ಗುರುತಿಸುವುದು ಹೇಗೆಂದೂ ತಿಳಿಸಿ.

ಉತ್ತರ: ಹೆಸರುಗಳು ಮುಂದೆ ಬರುತ್ತವೆ. ಆದರೆ ಯಾವ ಕಡೆಗೂ ವಾಲದ ಮಾಧ್ಯಮ ಎಂಬುದೊಂದು ಇದೆ ಎಂದುಕೊಂಡು ಹುಡುಕಲು ಹೊರಟರೆ ಇನ್ನೊಂದು ವರ್ಷ ಕಳೆದರೂ ಸಿಗುವುದಿಲ್ಲ. ಪೇಟೆಯಲ್ಲಿ ಖಾಯಂ ಗಿರಾಕಿಯೂ ಕಿವಿರು ಎತ್ತಿ ನೋಡದೆ ಬಂಗಡೆ ಕೊಳ್ಳುವುದಿಲ್ಲ. ಸುದ್ದಿಯನ್ನೂ ಹಾಗೆಯೇ ಒಂದೊಂದಾಗಿ ಎತ್ತಿ ನೋಡಬೇಕು: ಇದು ಯಾರ ಬಾಯಿಂದ ಬಂತು, ಒಟ್ಟು ಎಷ್ಟು ಬಾಯಿಂದ ಬಂತು, ಯಾರ ಬಾಯಿ ಇಲ್ಲಿ ಕಾಣಿಸುತ್ತಿಲ್ಲ.

ಎಷ್ಟು ಬಾಯಿ ಎಂಬ ಲೆಕ್ಕದಲ್ಲೇ ಹೆಚ್ಚಿನವರು ಎಡವುತ್ತಾರೆ. ನಾಲ್ಕು ಪತ್ರಿಕೆಯಲ್ಲಿ ಬಂದಿದೆ, ಆದ್ದರಿಂದ ನಿಜ ಎನ್ನುತ್ತೇವೆ. ಆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಮೊದಲ ಎರಡು ವಾಕ್ಯ ಓದಿ ನೋಡಿ. ಪದಕ್ಕೆ ಪದ ಒಂದೇ ಇದ್ದರೆ ಅದು ಒಂದೇ ಸುದ್ದಿ, ನಾಲ್ಕು ಸಲ ಅಚ್ಚಾಗಿದೆ ಅಷ್ಟೆ. ವಾರ್ತಾ ಇಲಾಖೆ ಕಳಿಸಿದ ಪ್ರಕಟಣೆಯಾದರೆ ಊರು, ತಾರೀಕಿನ ಪಕ್ಕದಲ್ಲಿ ‘ಕರ್ನಾಟಕ ವಾರ್ತೆ’ ಎಂದಿರುತ್ತದೆ. ಕೆಲವು ಕಡೆ ಆ ಎರಡು ಪದ ತೆಗೆದು ‘ನಮ್ಮ ಪ್ರತಿನಿಧಿ’ ಎಂದು ಹಾಕುವುದೂ ಉಂಟು. ದೆಹಲಿ, ಬೆಂಗಳೂರಿನ ಸುದ್ದಿಯಾದರೆ ಪಿಟಿಐ, ಯುಎನ್‌ಐ ಅಥವಾ ಎಎನ್‌ಐ ಎಂದು ಸುದ್ದಿಸಂಸ್ಥೆಯ ಹೆಸರಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ನಾಲ್ಕು ಸಾಕ್ಷಿ ಎಂದು ಎಣಿಸಬಾರದು. ಕೇಣಿಯನ್ನೇ ತೆಗೆದುಕೊಳ್ಳಿ: 2023ರ ನವೆಂಬರಿನಲ್ಲಿ ಕರ್ನಾಟಕ ಜಲಸಾರಿಗೆ ಮಂಡಳಿ ಈ ಬಂದರನ್ನು ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ವಹಿಸಿತು, ವೆಚ್ಚ 4,119 ಕೋಟಿ ರೂಪಾಯಿ, ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಈ ಅಂಕಿಗಳು ಎಲ್ಲಿ ಓದಿದರೂ ಒಂದೇ, ಏಕೆಂದರೆ ಎಲ್ಲರಿಗೂ ಮೂಲ ಕಂಪನಿಯ ಪ್ರಕಟಣೆ. ಇದು ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಇಂಥ ಮಾಹಿತಿಯನ್ನು ಬಿಎಸ್‌ಇ, ಎನ್‌ಎಸ್‌ಇಗೆ ಲಿಖಿತವಾಗಿ ಕೊಡಬೇಕು. ಆ ಷೇರುಪೇಟೆಗಳ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ವರದಿಗಾರ ತಾನಾಗಿ ತಂದದ್ದು ಏನು ಎಂಬುದು ಈ ಅಂಕಿಗಳನ್ನು ಕಳೆದ ಮೇಲೆ ಉಳಿಯುವ ಭಾಗದಲ್ಲಿದೆ. ಕೆಲವು ಸಲ ಏನೂ ಉಳಿಯುವುದಿಲ್ಲ.

ಇನ್ನು ಭಾಷೆ. ಕನ್ನಡ ಪತ್ರಿಕೆಯ ಕ್ರಿಯಾಪದಗಳನ್ನು ಸ್ವಲ್ಪ ದಿನ ಗಮನಿಸಿದರೆ ಪತ್ರಿಕೆಯ ಒಲವು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬರು ‘ಸ್ಪಷ್ಟಪಡಿಸಿದ್ದಾರೆ’, ಇನ್ನೊಬ್ಬರು ‘ಆರೋಪಿಸಿದ್ದಾರೆ’, ಮತ್ತೊಬ್ಬರು ‘ಕಿಡಿಕಾರಿದ್ದಾರೆ’. ಮೂವರೂ ಮಾಡಿದ್ದು ಮಾತಾಡುವುದನ್ನೇ. ‘ಸ್ಪಷ್ಟಪಡಿಸಿದರು’ ಎಂದಾಗ ಪತ್ರಿಕೆ ಆ ಮಾತಿಗೆ ತನ್ನ ಮುದ್ರೆ ಒತ್ತಿದಂತೆ, ‘ಕಿಡಿಕಾರಿದರು’ ಎಂದಾಗ ಮಾತು ಮರೆಯಾಗಿ ಸಿಟ್ಟು ಮಾತ್ರ ಉಳಿದಂತೆ. ಸರ್ವೆಗೆ ಬಂದವರನ್ನು ಮೀನುಗಾರರು ತಡೆದರು ಎಂದಿಟ್ಟುಕೊಳ್ಳಿ. ‘ಸರ್ಕಾರಿ ಕೆಲಸಕ್ಕೆ ಅಡ್ಡಿ’ ಎಂಬುದು ಒಂದು ಶೀರ್ಷಿಕೆ, ‘ಕಡಲ ಮಕ್ಕಳ ಆಕ್ರೋಶ’ ಎಂಬುದು ಇನ್ನೊಂದು. ‘ಸರ್ವೆ ತಡೆದ ಮೀನುಗಾರರು’ ಎಂದು ಬರೆದವನು ನಡೆದದ್ದನ್ನು ಮಾತ್ರ ಹೇಳಿದ್ದಾನೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಎಂಬ ಮಾತು ಕೇಳಿಬರುತ್ತಿದೆ’ ಎಂಬ ಮೂರರ ಬಗ್ಗೆ. ಯಾರು ಅಂದರು, ಯಾರಿಗೆ ತಿಳಿದುಬಂತು ಎಂದು ಕೇಳಿ. ಉತ್ತರ ವರದಿಯೊಳಗೇ ಇಲ್ಲದಿದ್ದರೆ ಆ ವಾಕ್ಯದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಅದು ಇಲ್ಲವೆಂದೇ ಭಾವಿಸಿ ಉಳಿದದ್ದನ್ನು ಓದಿ.

ಹೆಸರಿಡುವುದರಲ್ಲಿಯೂ ನಿಲುವಿದೆ, ಅದಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಕಾಡಿನ ಜಾಗದಲ್ಲಿ ಗದ್ದೆ ಮಾಡಿದ ಒಬ್ಬನೇ ಮನುಷ್ಯ ಒಂದು ಪತ್ರಿಕೆಗೆ ‘ಅತಿಕ್ರಮಣದಾರ’, ಇನ್ನೊಂದಕ್ಕೆ ‘ಅರಣ್ಯವಾಸಿ’, ಮತ್ತೊಂದಕ್ಕೆ ‘ಬಗರ್‌ಹುಕುಂ ಸಾಗುವಳಿದಾರ’. ಮೊದಲ ಪದದಲ್ಲಿ ತೀರ್ಪೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದರೆ ಅರ್ಜಿ ಹಾಕಬಹುದು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ‘ಸಾವಿರಾರು ಅರ್ಜಿ ತಿರಸ್ಕೃತ’ ಎಂಬ ವರದಿಯಲ್ಲಿ ಈ 75 ವರ್ಷದ ಷರತ್ತಿನ ಮಾತೇ ಇಲ್ಲದಿದ್ದರೆ ಓದುಗ ಎರಡರಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾನೆ: ಅರ್ಜಿ ಹಾಕಿದವರೆಲ್ಲ ಕಳ್ಳರು, ಇಲ್ಲವೇ ಅಧಿಕಾರಿಗಳೆಲ್ಲ ಕ್ರೂರಿಗಳು.

ಟಿವಿಯ ‘ರಣಭೀಕರ ಮಳೆ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ಮೇಘಸ್ಫೋಟ ಎನ್ನಬೇಕಾದರೆ ಸಣ್ಣ ಪ್ರದೇಶವೊಂದರಲ್ಲಿ ಒಂದೇ ಗಂಟೆಗೆ 100 ಮಿ.ಮೀ. ಸುರಿಯಬೇಕು. ಅಂಕಿ ಕೊಡದೆ ‘ಮೇಘಸ್ಫೋಟ’ ಎಂದವರನ್ನು ಆ ದಿನದ ಮಟ್ಟಿಗೆ ಬಿಟ್ಟುಬಿಡಿ.

ಸುಳ್ಳು ಹೇಳದೆಯೂ ವಾಲಬಹುದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಲಯಾಳಂ ವಾಹಿನಿಗಳಿಗೆ ಅದು ತಮ್ಮ ಊರಿನ ಲಾರಿ ಚಾಲಕನ ಹುಡುಕಾಟ. ಸೆಪ್ಟೆಂಬರ್ 25ರಂದು ಗಂಗಾವಳಿ ಹೊಳೆಯಿಂದ ಲಾರಿ ಮೇಲೆ ಬರುವವರೆಗೂ ಅವರು ಅದನ್ನು ಬಿಡಲಿಲ್ಲ. ಹೊಳೆಯಾಚೆ ಉಳುವರೆಯಲ್ಲಿ ಅದೇ ಕುಸಿತದ ಅಲೆ ಮನೆಗಳನ್ನು ಕೆಡವಿತ್ತು, ಆ ಸುದ್ದಿ ಅಲ್ಲಿ ಅಂಚಿನಲ್ಲೇ ಉಳಿಯಿತು. ತೋರಿಸಿದ್ದೆಲ್ಲ ನಿಜವೇ, ಆದರೆ ಕ್ಯಾಮೆರಾ ನಿಂತ ದಡ ಒಂದೇ.

ಊರ ಸುದ್ದಿಗೆ ಇನ್ನೊಂದು ಕಟ್ಟುಪಾಡಿದೆ, ಹೊರಗಿನವರಿಗೆ ಕಾಣದ್ದು. ರಾಜ್ಯಮಟ್ಟದ ಪತ್ರಿಕೆಯ ‘ಉತ್ತರ ಕನ್ನಡ’ ಪುಟ ಘಟ್ಟ ಇಳಿದು ನಮಗೆ ಮಾತ್ರ ಬರುತ್ತದೆ. ಅಲ್ಲಿ ಅಷ್ಟಗಲ ಅಚ್ಚಾದ ಕೇಣಿ ಪ್ರತಿಭಟನೆ ಬೆಂಗಳೂರು ಆವೃತ್ತಿಯಲ್ಲಿ ಒಂದು ಸಾಲೂ ಇಲ್ಲದಿರಬಹುದು. ಇ–ಪೇಪರಿನಲ್ಲಿ ಆವೃತ್ತಿ ಬದಲಿಸಿ ಅದೇ ದಿನದ ಎರಡನ್ನೂ ನೋಡಿದರೆ ಪತ್ರಿಕೆ ನಿಮ್ಮ ಸಮಸ್ಯೆಯನ್ನು ಯಾರಿಗೆ ಹೇಳುತ್ತಿದೆ ಎಂಬುದು ಗೊತ್ತಾಗುತ್ತದೆ: ಕೇವಲ ನಿಮಗೇ. ತಾಲ್ಲೂಕು ವರದಿಗಾರರಲ್ಲಿ ಹಲವರು ಅರೆಕಾಲಿಕರು, ಸುದ್ದಿಯ ಜತೆ ಜಾಹೀರಾತನ್ನೂ ತರಬೇಕಾದವರು. ಆದ್ದರಿಂದ ಒಂದು ತಿಂಗಳು ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಯಾರದು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅವರ ವಿರುದ್ಧದ ಸುದ್ದಿ ಆ ಪುಟದಲ್ಲಿ ಎಷ್ಟು ಸಲ ಬಂತು ಎಂದೂ ಎಣಿಸಿ. ಸುದ್ದಿಯಂತೆಯೇ ಕಾಣುವ, ಆದರೆ ಅಕ್ಷರದ ಆಕಾರ ತುಸು ಬೇರೆಯಿರುವ, ಮೂಲೆಯಲ್ಲಿ ಸಣ್ಣದಾಗಿ ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದಿರುವ ಬರಹಗಳನ್ನು ಬೇರೆ ಇಡಿ. ಹಣ ಕೊಟ್ಟು ಹಾಕಿಸಿದ ಸುದ್ದಿಯ ಪಿಡುಗು ಎಷ್ಟು ಬೆಳೆದಿತ್ತೆಂದರೆ ಪತ್ರಿಕೆಗಳ ಮೇಲಿನ ದೂರು ಕೇಳುವ ಪ್ರೆಸ್ ಕೌನ್ಸಿಲ್ 2009ರ ಚುನಾವಣೆಯ ನಂತರ ಅದರ ತನಿಖೆಗೆಂದೇ ಉಪಸಮಿತಿ ಮಾಡಬೇಕಾಯಿತು.

ಒಡೆತನ ನೋಡುವುದು ಸುಲಭ, ಆದರೆ ಅದಕ್ಕೆ ಇರಬೇಕಾದ್ದಕ್ಕಿಂತ ಹೆಚ್ಚು ತೂಕ ಕೊಡುವವರೇ ಜಾಸ್ತಿ. ಸುವರ್ಣ ನ್ಯೂಸ್, ಕನ್ನಡಪ್ರಭಗಳಿಗೆ ಬಿಜೆಪಿಯ ರಾಜೀವ್ ಚಂದ್ರಶೇಖರ್ ಕಟ್ಟಿದ ಉದ್ಯಮ ಸಮೂಹದ ನಂಟು. ಕಸ್ತೂರಿ ವಾಹಿನಿ ಶುರುವಾದದ್ದು ಎಚ್.ಡಿ. ಕುಮಾರಸ್ವಾಮಿ ಕುಟುಂಬದಿಂದ. ಹೊಸ ದಿಗಂತ ಸಂಘ ಪರಿವಾರದ ದೃಷ್ಟಿಯದು. ನ್ಯಾಷನಲ್ ಹೆರಾಲ್ಡ್‌ಗೆ ಕಾಂಗ್ರೆಸ್ಸಿನ ನಂಟು. ವಿಜಯ ಸಂಕೇಶ್ವರರು 1999ರಲ್ಲಿ ಶುರುಮಾಡಿದ ವಿಜಯ ಕರ್ನಾಟಕ 2006ರಲ್ಲಿ ಟೈಮ್ಸ್ ಸಮೂಹದ ಕೈ ಸೇರಿತು, 2012ರಲ್ಲಿ ಅವರೇ ವಿಜಯವಾಣಿ ತಂದರು. ನ್ಯೂಸ್18 ಕನ್ನಡ ರಿಲಯನ್ಸ್ ಬಳಗದ್ದು. ಎನ್‌ಡಿಟಿವಿ 2022ರ ಕೊನೆಗೆ ಅದಾನಿ ಸಮೂಹಕ್ಕೆ ಹೋಯಿತು, ಆ ಸಮೂಹಕ್ಕೆ ಬಂದರು ದೊಡ್ಡ ವ್ಯವಹಾರ. ಒಡೆಯ ಯಾರೆಂದು ಗೊತ್ತಿದ್ದರೆ ಯಾವ ವಿಷಯದಲ್ಲಿ ಕಿವಿ ನೆಟ್ಟಗೆ ಮಾಡಬೇಕು ಎಂಬುದು ಗೊತ್ತಾಗುತ್ತದೆ. ಆದರೆ ನಿಮಗೆ ಆಗದ ಪಕ್ಷದ ಪತ್ರಿಕೆಯಲ್ಲಿ ಬಂತೆಂಬ ಒಂದೇ ಕಾರಣಕ್ಕೆ ರಸ್ತೆ ಹೊಂಡದ ಸುದ್ದಿ ಸುಳ್ಳಾಗುವುದಿಲ್ಲ.

ಈಗ ಕೇಣಿಗೆ ಮರಳೋಣ. ಇಲ್ಲಿ ನಿಮಗೆ ಬೇಕಾದ ‘ಪರ್ಯಾಯ ಮೂಲ’ ಇನ್ನೊಂದು ಚಾನೆಲ್ ಅಲ್ಲ, ಕಾಗದ. ಇಂಥ ಯೋಜನೆಗೆ 2006ರ ಪರಿಸರ ಅಧಿಸೂಚನೆಯಂತೆ ಪರಿಸರ ಪರಿಣಾಮದ ಕರಡು ವರದಿ ಆಗಬೇಕು, ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ ಸೂಚನೆ ಹಾಕಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಿಲ್ಲದ ಅಧಿಕಾರಿ ಸಭೆ ನಡೆಸಬೇಕು, ಪೂರ್ತಿ ವಿಡಿಯೊ ಆಗಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಮಂಡಳಿಯ ಕಾರವಾರ ಕಚೇರಿಗಳಲ್ಲಿ ನೋಡಲು ಸಿಗುತ್ತದೆ. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿದರೆ ಅರ್ಜಿ, ವರದಿ, ಸಭೆಯ ನಡಾವಳಿ, ತಜ್ಞರ ಸಮಿತಿಯ ಟಿಪ್ಪಣಿಗಳು ಒಟ್ಟಿಗೇ ಸಿಗುತ್ತವೆ.

ಇದನ್ನು ತಿಳಿದರೆ ಪತ್ರಿಕೆಗಳ ಎರಡು ಮಾಮೂಲಿ ಶೀರ್ಷಿಕೆ ಒಟ್ಟಿಗೇ ಬಿದ್ದುಹೋಗುತ್ತವೆ. ‘ಅಹವಾಲು ಸಭೆಯಲ್ಲಿ ಯೋಜನೆ ತಿರಸ್ಕೃತ’ ಎಂಬುದೂ ತಪ್ಪು, ‘ಸಭೆ ಯಶಸ್ವಿ, ಬಂದರಿಗೆ ಹಾದಿ ಸುಗಮ’ ಎಂಬುದೂ ತಪ್ಪು. ಆ ಸಭೆಯಲ್ಲಿ ಮತ ಎಣಿಸುವುದಿಲ್ಲ, ಇಷ್ಟೇ ಜನ ಬರಬೇಕೆಂಬ ಕೋರಂ ಕೂಡ ಇಲ್ಲ. ಅಲ್ಲಿ ಎದ್ದ ಆಕ್ಷೇಪಗಳನ್ನು ಬರೆದುಕೊಂಡು, ಕನ್ನಡದಲ್ಲಿ ಓದಿ ಹೇಳಿ, ಸಹಿ ಮಾಡಿ ಕಳಿಸುತ್ತಾರೆ. ಶಿಫಾರಸು ಮಾಡುವುದು ತಜ್ಞರ ಸಮಿತಿ. ಆದ್ದರಿಂದ ಎಷ್ಟು ಸಾವಿರ ಜನ ಸೇರಿದ್ದರು ಎಂಬ ಜಗಳಕ್ಕಿಂತ ಯಾವ ಆಕ್ಷೇಪ ನಡಾವಳಿಯಲ್ಲಿ ದಾಖಲಾಯಿತು, ಯಾವುದು ಬಿಟ್ಟುಹೋಯಿತು ಎಂಬುದೇ ದೊಡ್ಡ ಸುದ್ದಿ. ಅದನ್ನು ಬರೆದ ವರದಿಗಾರನ ಹೆಸರು ನೆನಪಿಟ್ಟುಕೊಳ್ಳಿ. ಅವನು ಯಾವ ಪತ್ರಿಕೆಗೆ ಹೋದರೂ ಅವನ ವರದಿ ಓದಿ.

ಕಾಗದವೂ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಪರಿಣಾಮದ ವರದಿ ಬರೆಯುವ ಸಲಹಾ ಸಂಸ್ಥೆಗೆ ಸಂಬಳ ಕೊಡುವುದು ಯೋಜನೆಯವರೇ. ಹಾಗಾಗಿ ನೂರಾರು ಪುಟದಲ್ಲಿ ಮೊದಲು ನಾಲ್ಕು ಜಾಗ ನೋಡಿ. ಗಾಳಿ, ನೀರು, ಮೀನಿನ ಮಾಹಿತಿಯನ್ನು ಯಾವ ತಿಂಗಳುಗಳಲ್ಲಿ ಸಂಗ್ರಹಿಸಿದ್ದಾರೆ? ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತು ಸಾಕೆನ್ನುತ್ತಾರೆ. ನಮ್ಮ ಕಡಲು ತೀರ ಕೊರೆಯುವುದು ಮಳೆಗಾಲದಲ್ಲಿ. ಹೂಳೆತ್ತುವ ಪ್ರಮಾಣ ಎಷ್ಟು ಘನ ಮೀಟರ್, ಅದನ್ನು ಎಲ್ಲಿ ಸುರಿಯುತ್ತಾರೆ? ಮೀನುಗಾರ ಕುಟುಂಬಗಳ ಎಣಿಕೆಯಲ್ಲಿ ದೋಣಿ ಇಲ್ಲದ, ದಡದಲ್ಲಿ ನಿಂತು ಏಂಡಿ ಬಲೆ ಎಳೆಯುವ, ಮೀನು ಒಣಗಿಸುವ, ಹೊತ್ತು ಮಾರುವ ಹೆಂಗಸರು ಇದ್ದಾರೆಯೇ? ತೀರ ಬದಲಾವಣೆಯ ನಕ್ಷೆ ಎಷ್ಟು ವರ್ಷದ್ದು? ಕೊನೆಯದಕ್ಕೆ ಹೋಲಿಕೆ ಬೇಕಾದರೆ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ತೀರ ಬದಲಾವಣೆಯನ್ನು ಅಳೆದಿದೆ. ದೇಶದ ತೀರದಲ್ಲಿ ಶೇ 33.6 ಕೊರೆತಕ್ಕೆ ಒಳಗಾಗಿದೆ ಎಂಬುದು ಅದರದೇ ಲೆಕ್ಕ. ಮೀನಿನ ಬಗ್ಗೆ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಇವೆರಡೂ ಸರ್ಕಾರಿ ಸಂಸ್ಥೆಗಳು.

ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮರೆತು ಐದು ವಿಷಯ ತುಂಬಿದ ಅರ್ಜಿಗಳೇ ಹೆಚ್ಚಾಗಿ ವಾಪಸ್ ಬರುವುದು. ‘ಏಕೆ’ ಎಂದು ಕೇಳಬೇಡಿ, ‘ಇಂಥ ತಾರೀಕಿನ ಇಂಥ ನಡಾವಳಿಯ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ.

ಕಾರವಾರ, ಅಂಕೋಲಾದವರಿಗೆ ಇನ್ನೊಂದು ಅನುಕೂಲವಿದೆ: ಕಾಳಿ ಸೇತುವೆ ದಾಟಿ ತುಸು ಮುಂದೆ ಹೋದರೆ ಗೋವಾ. ಮಹದಾಯಿ ವಿಷಯದಲ್ಲಿ ಒಂದು ವಾರ ಅಲ್ಲಿನ ಪತ್ರಿಕೆ ಓದಿ. ಆ ನದಿಯನ್ನು ಮಾಂಡೋವಿ ಎನ್ನುವ ಅವರಿಗದು ‘ಮಾಂಡೋವಿಯ ತಾಯಿ ಬೇರನ್ನು ಕತ್ತರಿಸುವ’ ಮಾತು, ನಮಗೆ ‘ನಮ್ಮ ಪಾಲಿನ ನೀರು’. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಹಂಚಿತು. ಮೂರು ಅಂಕಿಯನ್ನೂ ಕೊಡುವ ವರದಿ ಎರಡೂ ಕಡೆ ಅಪರೂಪ, ತಮ್ಮದನ್ನು ಮಾತ್ರ ಕೊಡುವುದೇ ರೂಢಿ. ಕನ್ನಡಿಗರಾಗಿ ನಮಗೆ ಕಾಣದ ನಮ್ಮದೇ ಪಕ್ಷಪಾತ ಅಲ್ಲಿ ಬೇಗ ಕಾಣಿಸುತ್ತದೆ.

ಊರ ಯೂಟ್ಯೂಬ್ ಚಾನೆಲ್‌ಗಳಿಗೆ ಬರೋಣ. ಅವು ಚಿಕ್ಕವು, ಆದ್ದರಿಂದ ಸ್ವತಂತ್ರ ಎಂದು ತಿಳಿಯಬೇಡಿ. ಕೊರಳಿಗೆ ಹಾಕಿದ ‘ಪ್ರೆಸ್’ ಕಾರ್ಡಿನಿಂದ ಏನೂ ಸಾಬೀತಾಗುವುದಿಲ್ಲ. ಪತ್ರಿಕೆಗಳಿಗೆ ಇರುವ ನೋಂದಣಿ ಯೂಟ್ಯೂಬ್ ಚಾನೆಲ್‌ಗೆ ಇಲ್ಲ. ಮುದ್ರಿತ ಪತ್ರಿಕೆಯಲ್ಲಿ ಕೊನೆಯ ಪುಟದ ಅಡಿಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು, ವಿಳಾಸ ಇರುತ್ತದೆ. ಚಾನೆಲ್‌ನ ಪರಿಚಯ ಪುಟದಲ್ಲಿ ಅಷ್ಟಾದರೂ ಇದೆಯೇ? ಸುದ್ದಿ ಪ್ರಕಟಿಸುವ ಜಾಲತಾಣವಾದರೆ 2021ರ ಐಟಿ ನಿಯಮದಂತೆ ದೂರು ಅಧಿಕಾರಿಯ ಹೆಸರು ಹಾಕಿರಬೇಕು, ದೂರಿಗೆ 15 ದಿನದಲ್ಲಿ ಉತ್ತರ ಕೊಡಬೇಕು. ಹಳೆಯ ಇಪ್ಪತ್ತು ವಿಡಿಯೊಗಳ ಶೀರ್ಷಿಕೆ ನೋಡಿ: ಒಬ್ಬನೇ ಮುಖಂಡನ ಮೆರವಣಿಗೆ ಎಷ್ಟು ಇವೆ? ತಪ್ಪು ಹೇಳಿದಾಗ ವಿಡಿಯೊ ಸದ್ದಿಲ್ಲದೆ ಮಾಯವಾಯಿತೇ, ಅಥವಾ ‘ನಾವು ಹೇಳಿದ್ದು ತಪ್ಪಾಗಿತ್ತು’ ಎಂದರೇ? ಹೀಗೆ ಬಹಿರಂಗವಾಗಿ ತಿದ್ದಿಕೊಂಡವರು ಸಿಕ್ಕರೆ ಬಿಡಬೇಡಿ, ದೊಡ್ಡವರಲ್ಲೂ ಅಂಥವರು ಕಡಿಮೆ.

ಹೆಸರುಗಳು. ಊರಿನ ದಿನನಿತ್ಯಕ್ಕೆ ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿಯಂಥ ಪತ್ರಿಕೆಗಳಲ್ಲಿ ಒಂದು. ರಾಜ್ಯಕ್ಕೆ ಪ್ರಜಾವಾಣಿ ಅಥವಾ ಉದಯವಾಣಿ, ಜತೆಗೆ ನಿಮ್ಮ ಒಲವಿಗೆ ವಿರುದ್ಧವಾದದ್ದು ಒಂದು. ಎಡಕ್ಕೆ ಒಲಿದವರು ಹೊಸ ದಿಗಂತವನ್ನೂ, ಬಲಕ್ಕೆ ಒಲಿದವರು ವಾರ್ತಾಭಾರತಿಯನ್ನೂ ಓದಿದರೆ ಮೈ ಉರಿಯುತ್ತದೆ, ಆದರೆ ತಮ್ಮ ಪತ್ರಿಕೆ ಬಿಟ್ಟದ್ದು ಅಲ್ಲಿ ಸಿಗುತ್ತದೆ. ಸರ್ಕಾರಿ ಕಡತಗಳನ್ನೇ ಮುಂದಿಟ್ಟು ಬರೆಯುವ ಕನ್ನಡದ ‘ದಿ ಫೈಲ್’, ಹಳ್ಳಿಗಳ ದೀರ್ಘ ವರದಿಗಳನ್ನು ಕನ್ನಡದಲ್ಲೂ ಕೊಡುವ ‘ಪರಿ’, ಪರಿಸರಕ್ಕೆ ‘ಮೊಂಗಾಬೇ ಇಂಡಿಯಾ’ ಸೇರಿಸಿಕೊಳ್ಳಿ. ವೈರಲ್ ಚಿತ್ರ, ವಿಡಿಯೊಗಳಿಗೆ ನ್ಯೂಸ್‌ಚೆಕ್ಕರ್, ನ್ಯೂಸ್‌ಮೀಟರ್ ಕನ್ನಡದಲ್ಲೇ ಸತ್ಯಶೋಧನೆ ಮಾಡುತ್ತವೆ. ಬೇರೆಯವರು ಹೇಳಿದ ಸುಳ್ಳನ್ನು ಅವು ಹಿಡಿಯಬಲ್ಲವು, ಹೇಳದೆ ಬಿಟ್ಟದ್ದನ್ನಲ್ಲ. ಇಷ್ಟನ್ನೂ ಕೊಳ್ಳಬೇಕಿಲ್ಲ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾಲ್ಕಾರು ಪತ್ರಿಕೆ ಬರುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದದ್ದು. ಮಳೆಗಾಲದ ‘ನಾಳೆ ಶಾಲೆಗೆ ರಜೆ’ ಆದೇಶವನ್ನೇ ಮಾದರಿಯಾಗಿ ಹಿಡಿಯಿರಿ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ತಾರೀಕಿನ ಜಾಗ ನೋಡಿ. ಹಳೆಯ ಆದೇಶ ತಿದ್ದಿದ್ದರೆ ಆ ಅಂಕಿಗಳ ಸುತ್ತ ಕಾಗದ ತುಸು ಹೆಚ್ಚು ಬಿಳಿ, ಅಕ್ಷರದ ದಪ್ಪ ಬೇರೆ. ತಾರೀಕು ಮತ್ತು ವಾರ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ನೋಡಿ, ತಿದ್ದುವವರು ವಾರವನ್ನು ಮರೆಯುತ್ತಾರೆ. ತಾಲ್ಲೂಕುಗಳ ಹೆಸರು ಓದಿ: ಜಿಲ್ಲೆಯಲ್ಲಿ 12 ತಾಲ್ಲೂಕು, ರಜೆ ಎಲ್ಲಕ್ಕೂ ಒಟ್ಟಿಗೆ ಇರಲೇಬೇಕೆಂದಿಲ್ಲ. ವಿಡಿಯೊ ಆದರೆ ಬೋರ್ಡು, ವಾಹನ ಕಾಣುವ ಮೂರು ಕಡೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ, ಸಿಕ್ಕವುಗಳಲ್ಲಿ ಅತಿ ಹಳೆಯ ತಾರೀಕು ಹುಡುಕಿ. ನಂಬರ್ ಪ್ಲೇಟ್ ಓದಲು ಬಂದರೆ ಅರ್ಧ ಕೆಲಸ ಮುಗಿಯಿತು: ಕಾರವಾರ ಕೆಎ–30, ಶಿರಸಿ ಕೆಎ–31, ಹೊನ್ನಾವರ ಕೆಎ–47, ದಾಂಡೇಲಿ ಕೆಎ–65. ‘ಕುಮಟಾದಲ್ಲಿ ಈಗಷ್ಟೇ’ ಎಂಬ ಪ್ರವಾಹದಲ್ಲಿ ಸಿಕ್ಕಿಬಿದ್ದ ಬಸ್ಸಿನ ಮೇಲೆ ಕೆಎಲ್–15 ಎಂದಿದ್ದರೆ ಅದು ಕೇರಳದ ಸಾರಿಗೆ ಬಸ್ಸು.

ಸಾವು, ಧರ್ಮ ಸೇರಿದ ಸುದ್ದಿಯಾದರೆ ಮಾತ್ರ ಈ ಪರೀಕ್ಷೆಯೂ ಸಾಲದು, ಕಾಯಬೇಕು. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಾಗ ಚಿತ್ರಹಿಂಸೆಯ ಕತೆಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಗಲಭೆಯಾಯಿತು. ಸಿಬಿಐ 2022ರಲ್ಲಿ ನ್ಯಾಯಾಲಯಕ್ಕೆ ಕೊಟ್ಟ ವರದಿ ಅದನ್ನು ಆಕಸ್ಮಿಕವಾಗಿ ಮುಳುಗಿ ಆದ ಸಾವು ಎಂದಿತು. ಗ್ರಂಥಾಲಯದಲ್ಲಿ ಹಳೆಯ ಕಟ್ಟು ಸಿಕ್ಕರೆ ನಿಮ್ಮ ಪತ್ರಿಕೆ ಮೊದಲನೆಯದಕ್ಕೆ ಎಷ್ಟು ಕಾಲಂ, ಎರಡನೆಯದಕ್ಕೆ ಎಷ್ಟು ಕಾಲಂ ಕೊಟ್ಟಿತ್ತು ಎಂದು ಸ್ಕೇಲ್ ಹಿಡಿದು ಅಳೆಯಿರಿ.

ತಪ್ಪು ಕಂಡಾಗ ಗುಂಪಿನಲ್ಲಿ ಬೈಯುವ ಬದಲು ಸಂಪಾದಕರಿಗೆ ಬರೆಯಿರಿ: ತಾರೀಕು, ಪುಟ, ತಪ್ಪಾದ ವಾಕ್ಯ, ಸರಿಯಾದ ಮಾಹಿತಿ, ಅದರ ದಾಖಲೆ. ಉತ್ತರ ಬಾರದಿದ್ದರೆ ದಿನಪತ್ರಿಕೆ, ವಾರಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಪ್ರೆಸ್ ಕೌನ್ಸಿಲ್‌ಗೆ ದೂರು ಹೋಗಬೇಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಅದರ ಜತೆಗಿರಬೇಕು. ಕೌನ್ಸಿಲ್ ದಂಡ ಹಾಕಲಾರದು, ಎಚ್ಚರಿಸಬಹುದು, ಖಂಡಿಸಬಹುದು. ಟಿವಿಯಾದರೆ ಮೊದಲ ದೂರು ವಾಹಿನಿಗೇ, ಪ್ರಸಾರವಾದ ಏಳು ದಿನದೊಳಗೆ ಕಳಿಸಿದರೆ ಒಳ್ಳೆಯದು. ಕಾರ್ಯಕ್ರಮದ ಹೆಸರು ಮತ್ತು ಗಂಟೆ–ನಿಮಿಷವನ್ನು ಅದೇ ರಾತ್ರಿ ಬರೆದಿಟ್ಟುಕೊಳ್ಳಿ, ಮರುದಿನ ಆ ವಿಡಿಯೊ ಇರುತ್ತದೆಂಬ ಭರವಸೆಯಿಲ್ಲ.